ನಮ್ಮತ್ತೆ ಮಡಿ ಹಿಡಿದ ವರ್ಷ

ನಮ್ಮತ್ತೆ ಜಯಲಕ್ಷ್ಮೀ ಮಡಿವಂತೆಯೇನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಅವರನ್ನು ನೋಡಿದವರು ಯಾರೂ ನಂಬುವುದಿಲ್ಲ. ತಿರುವಲ್ಲಿಕೇಣಿಯ ಮಾಧ್ವರ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷ ಬಾಳಿದರೂ, ಏಕಾದಶಿಯ ದಿನ ಗೋಡಂಬಿ ಹಾಕಿದ ಉಪ್ಪಿಟ್ಟು ತಿಂದು "ಇದೂ ಉಪವಾಸಾನೇ" ಅನ್ನುತ್ತಿದ್ದ ಹೆಂಗಸು. ವಡಪಳನಿಯಲ್ಲಿ ಎಲ್ಲೋ ಶೂಟಿಂಗ್ ಅಂತೆ ಅಂದರೆ ಸಾಕು, ಬಸ್ಸು ಹತ್ತಿ ನೋಡಿಕೊಂಡು ಬರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಆ ಹಳೆಯ ಬಾಡಿಗೆ ಮನೆ ಬಿಟ್ಟು ವೇಲಚೇರಿಯ ನಮ್ಮ ಫ್ಲ್ಯಾಟಿಗೆ ಬಂದರು. ನಾನು ಬ್ಯಾಂಕಿಗೆ ಹೋಗುವವಳು. ಮಗಳು ವೀಕ್ಷಾಳನ್ನು ಹೆತ್ತವಳು ನಾನು, ಸಾಕಿದವರು ಅವರು. ರಾತ್ರಿಯಾದರೆ ಮಗು ಅಜ್ಜಿಯ ಹೊಟ್ಟೆಯ ಮೇಲೇ ಮಲಗಬೇಕು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾದೀತು.

ಇಂಥ ಅತ್ತೆ ಆ ವರ್ಷ ಆಷಾಢ ಏಕಾದಶಿಯ ಬೆಳಿಗ್ಗೆ ಒದ್ದೆ ಸೀರೆಯಲ್ಲಿ ನಿಂತು ಅಪ್ಪಣೆ ಕೊಡಿಸಿದರು.

"ನಾನು ಚಾತುರ್ಮಾಸ್ಯ ಹಿಡೀತೀನಿ ವೃಂದಾ. ಕಡು ಮಡಿ. ಯಾರೂ ನನ್ನ ಮುಟ್ಟಬಾರ್ದು. ಮಗೂನೂ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಅಡುಗೆಮನೆಯ ಹಿಂದಿನ ಸಣ್ಣ ರೂಮಿಗೆ ಚಾಪೆ, ತಟ್ಟೆ, ಲೋಟ, ಒಂದು ಕರೆಂಟ್ ಒಲೆ ಸಾಗಿಸಿದರು. ಬಾಗಿಲಿನ ಮುಂದೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದರು. ಮಾತಾಡುವಾಗ ಬಾಯಿಗೆ ಸೆರಗು. ಕೇಳಿದರೆ, "ಎಂಜಲು ಹಾರಬಾರ್ದು" ಅಂದರು. ಮಡಿಯಲ್ಲಿರುವವರು ಮನೆಗೆಲ್ಲ ಅಡುಗೆ ಮಾಡುವುದು ನಮ್ಮಲ್ಲಿ ಪದ್ಧತಿ. ಇವರು ತಮ್ಮದಷ್ಟೇ ಬೇಯಿಸಿಕೊಂಡರು. ಪಾಯಿಖಾನೆಗೆ ಹೋದರೆ ಎರಡೆರಡು ಸಲ ಫ್ಲಶ್. ಈ ಊರಲ್ಲಿ ನೀರಿನ ಪಾಡು ಗೊತ್ತಿಲ್ಲವೇ ಅಂತ ನಾನು ಗೊಣಗಿದೆ. ಮನಸ್ಸಿನಲ್ಲೇ 'ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ' ಅಂತಲೂ ಅಂದುಕೊಂಡೆ.

ನನ್ನ ಗಂಡ ಗುರುಚರಣನಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. "ಅಮ್ಮ ಕಡೆಗೂ ದಾರಿಗೆ ಬಂದ್ಲು" ಅಂತ ನೆಂಟರಿಗೆಲ್ಲ ಫೋನು ಮಾಡಿದ. ಅವರೂ ಬಂದು ಗೆರೆಯಾಚೆಯಿಂದ ನಮಸ್ಕಾರ ಹಾಕಿ ಹೋದರು. ಮೊದಲ ತಿಂಗಳು ತರಕಾರಿ ಬಿಡಬೇಕು, ಬಿಟ್ಟರು. ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆ. ಒಂದೂ ತಪ್ಪಿಸಲಿಲ್ಲ. ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈವರೆಗೆ ಜಾರತೊಡಗಿತು. ವ್ರತಕ್ಕೆ ಸೊರಗಿದ್ದಾರೆ ಅಂತ ನಾವೆಲ್ಲ ಅಂದುಕೊಂಡೆವು. ಪ್ರತಿ ಗುರುವಾರ ಮಾತ್ರ ವೇಲಚೇರಿ ಸ್ಟೇಷನ್ನಿಗೆ ನಡೆದುಕೊಂಡು ಹೋಗಿ ರೈಲು ಹತ್ತಿ ತಿರುವಲ್ಲಿಕೇಣಿಯ ರಾಯರ ಮಠಕ್ಕೆ ಹೋಗಿ ಬರುತ್ತಿದ್ದರು.

ಮಗುವಿನ ಗೋಳು ಹೇಳತೀರದು. ನಾಲ್ಕು ವರ್ಷದ ಕೂಸು, ಮೊದಲ ವಾರವೆಲ್ಲ ಗೆರೆಯ ಹತ್ತಿರ ಕೂತು ಅತ್ತಿತು. ಅಜ್ಜಿ ಒಳಗಿನ ಗೋಡೆಗೆ ಒರಗಿ ಕಥೆ ಹೇಳುತ್ತಿದ್ದರು, ಮಗು ಈಚೆ ಕೂತು ಕೇಳುತ್ತಿತ್ತು. ಒಂದು ದಿನ ಗೆರೆ ದಾಟಿ ಓಡಿದಾಗ ಅತ್ತೆ ಎಂದೂ ಇಲ್ಲದ ಹಾಗೆ ಕಿರುಚಿ ಹಿಂದೆ ಸರಿದರು. ಅಷ್ಟೇ. ಆಮೇಲೆ ಅದು ಕಲಿತುಕೊಂಡಿತು. ಮನೆಗೆ ಬಂದವರಿಗೆಲ್ಲ ತಾನೇ ಬೆರಳೆತ್ತಿ ಹೇಳುತ್ತಿತ್ತು, "ಅಜ್ಜಿ ಮಡಿ. ತೊಡಕ್ಕೂಡಾದು." ಮುಟ್ಟಬಾರದು ಅಂತ, ಸ್ಕೂಲಿನ ತಮಿಳಲ್ಲಿ. ನಾವು ನಗುತ್ತಿದ್ದೆವು.

ಕಾರ್ತಿಕಕ್ಕೆ ಚಾತುರ್ಮಾಸ್ಯ ಮುಗಿಯಿತು, ಮಡಿ ಮುಗಿಯಲಿಲ್ಲ. "ಇನ್ನೆರಡು ತಿಂಗಳು ಹರಕೆ ಇದೆ" ಅಂದರು. ಅಷ್ಟರಲ್ಲಿ ಡಿಸೆಂಬರಿನ ಮಳೆ ಬಂತು. ವೇಲಚೇರಿಯವರಿಗೆ ಮಳೆಯ ಕಥೆ ಹೇಳಬೇಕಾಗಿಲ್ಲ. ಕೆಳಗಿನ ಕಾರುಗಳು ಮುಳುಗಿದವು, ಕರೆಂಟ್ ಹೋಯಿತು, ಫೋನುಗಳು ಸತ್ತವು, ರೈಲು ನಿಂತಿತು. ಗುರುವಾರ ಬಂದಾಗ ಅತ್ತೆ ಬಾಲ್ಕನಿಯ ಸರಳು ಹಿಡಿದು ನೀರು ನೋಡುತ್ತಾ ನಿಂತೇ ಇದ್ದರು.

"ರಾಯರು ಮುಂದಿನ ವಾರಾನೂ ಅಲ್ಲೇ ಇರ್ತಾರೆ ಅತ್ತೆ, ಎಲ್ಲೂ ಎದ್ದು ಹೋಗಲ್ಲ" ಅಂದೆ.

ಶನಿವಾರ ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಸೊಂಟದವರೆಗೆ ನೆನೆದ ಚೂಡಿದಾರ್ ತೊಟ್ಟ ಹುಡುಗಿ, ಎದೆಗವುಚಿಕೊಂಡ ಪ್ಲಾಸ್ಟಿಕ್ ಕವರು.

"ಜಯಲಕ್ಷ್ಮಿ ಅಮ್ಮಾ ಇರುಕ್ಕಾಂಗಳಾ?"

ಇದ್ದಾರಾ ಅಂತ ಕೇಳಿದಳು. ತನ್ನ ಹೆಸರು ಮಲರ್‌ವಿಳಿ, ತಿರುವಲ್ಲಿಕೇಣಿಯ ಆರೋಗ್ಯ ಕೇಂದ್ರದಿಂದ ಬಂದಿದ್ದೇನೆ ಅಂದಳು. ಅಮ್ಮನಿಗೆ ಮಾತ್ರೆ ಮುಗಿದು ಎರಡು ದಿನವಾಗಿರಬೇಕು, ಫೋನು ಸಿಗಲಿಲ್ಲ, ಅವರು ಕೊಟ್ಟಿದ್ದ ಆ ಹಳೆಯ ಮನೆಯ ವಿಳಾಸಕ್ಕೆ ಹೋದರೆ ಅಲ್ಲಿ ಬೇರೆಯವರಿದ್ದರು, ಪಕ್ಕದ ಮನೆಯ ಜಲಜಾಕ್ಷಿ ಮಾಮಿ ಈ ಮನೆಯ ವಿಳಾಸ ಕೊಟ್ಟರು ಅಂದಳು. ಎಂಥ ಮಾತ್ರೆ ಅಂತ ಕೇಳಿದೆ. ಹುಡುಗಿ ನನ್ನ ಭುಜದಾಚೆ ನೋಡಿದಳು. ಅತ್ತೆ ತಮ್ಮ ಗೆರೆಯ ಹಿಂದೆ ಬಂದು ನಿಂತಿದ್ದರು.

"ನಂಗೆ ಟಿ.ಬಿ. ಇದೆ ವೃಂದಾ" ಅಂದರು. "ಜೂನಿಂದ."

ಆಗ ವೀಕ್ಷಾ ನನ್ನ ಕಾಲ ಸಂದಿನಿಂದ ಇಣುಕಿದಳು. ಮಲರ್‌ವಿಳಿಯ ಮುಖ ಬದಲಾಯಿತು. ಒಬ್ಬರೇ ಇರುತ್ತೇನೆ ಅಂದಿದ್ದಿರಲ್ಲ, ಮನೆಯಲ್ಲಿ ಇಷ್ಟು ಚಿಕ್ಕ ಮಗು ಇದೆ ಅಂತ ಹೇಳಬಾರದಿತ್ತೇ, ಜೂನಿನಲ್ಲೇ ಎಲ್ಲರಿಗೂ ಪರೀಕ್ಷೆ ಆಗಬೇಕಿತ್ತು ಅಂತ ಅತ್ತೆಯನ್ನು ಚೆನ್ನಾಗಿ ಬೈದಳು. ತೂಕ ಯಾಕೆ ಏರುತ್ತಿಲ್ಲ ಅಂತ ಪ್ರತಿ ವಾರ ಕೇಳುತ್ತಿದ್ದಳಂತೆ. ಹಾಲು, ಬೇಳೆ ತಿನ್ನಿ ಅಂತ ಅಂಗಲಾಚಿದ್ದಳಂತೆ. ನಮ್ಮತ್ತೆ ಹೂಂಗುಟ್ಟಿ ಬಂದು, ಸುಳ್ಳು ವ್ರತವನ್ನು ಒಂದಕ್ಷರ ಬಿಡದೆ ನಿಜವಾಗಿ ಆಚರಿಸಿದ್ದರು.

ಹೋಗುವಾಗ ಅವಳು ನನಗೆ ಸಮಾಧಾನ ಹೇಳಿದಳು. "ಭಯಪಡಬೇಡಿ ಅಕ್ಕಾ. ಸೆಪ್ಟೆಂಬರಲ್ಲೇ ಕಫ ಕ್ಲೀನ್ ಬಂದಿದೆ. ಇನ್ನು ಹರಡಲ್ಲ, ಎಲ್ಲರ ಜೊತೆ ಕೂತು ಊಟ ಮಾಡಿ ಅಂತ ಆಗಲೇ ಹೇಳಿದ್ದೆ."

ಸೆಪ್ಟೆಂಬರ್! ನಾನು ಅತ್ತೆಯ ಕಡೆ ತಿರುಗಿದೆ. "ಹಾಗಾದ್ರೆ ಮೂರು ತಿಂಗಳಿಂದ ಈ ಮೂಲೇಲಿ ಯಾಕೆ ಕೂತಿದೀರಿ?"

"ಮಡಿ ಬಿಟ್ಟೆ ಅಂದ್ರೆ, ಹಿಡಿದಿದ್ದು ಯಾಕೆ ಅಂತ ಕೇಳ್ತೀಯಲ್ಲಮ್ಮಾ." ಆಮೇಲೆ ತೀರ ಮೆತ್ತಗೆ, "ಆ ಕೆಲಸದವಳನ್ನ ನೀನು ಕಳಿಸಿದ್ದು ನಾನು ನೋಡಿದ್ದೆ" ಅಂದರು.

ಮೇ ತಿಂಗಳಲ್ಲಿ ನಮ್ಮ ಕೆಲಸದಾಕೆ ವಾರವೆಲ್ಲ ಕೆಮ್ಮಿದ್ದಳು. ಅವಳನ್ನು ಹೊಸ್ತಿಲಿನಿಂದಲೇ ವಾಪಸು ಕಳಿಸಿ, ಅವಳು ಕಾಫಿ ಕುಡಿಯುತ್ತಿದ್ದ ಲೋಟವನ್ನು ಕಸದ ಬುಟ್ಟಿಗೆ ಎಸೆದವಳು ನಾನೇ. ಅತ್ತೆ ಆಗ ಸೋಫಾದಲ್ಲಿ ಕೂತಿದ್ದರು. ಅವರಿಗೂ ಕೆಮ್ಮು ಶುರುವಾಗಿ ಹತ್ತು ದಿನವಾಗಿತ್ತಂತೆ.

ನೀರು ಇಳಿದ ಮೇಲೆ ನಮಗೆಲ್ಲ ಪರೀಕ್ಷೆಯಾಯಿತು. ಯಾರಿಗೂ ಏನಿರಲಿಲ್ಲ. ಮಗುವಿಗೆ ಮುನ್ನೆಚ್ಚರಿಕೆಗೆಂದು ಆರು ತಿಂಗಳ ಮಾತ್ರೆ ಕೊಟ್ಟರು. ಗುರುಚರಣ ಒಂದು ವಾರ ಅಮ್ಮನ ಜೊತೆ ಮಾತು ಬಿಟ್ಟ. "ಮಗೂಗೆ ಏನಾದ್ರೂ ಆಗಿದ್ರೆ?" ಅಂತ ಒಂದೇ ಮಾತು. ಆ ಸಿಟ್ಟು ನ್ಯಾಯವೇ. ನನ್ನದನ್ನು ಏನೆಂದು ಹೇಳಲಿ? ಅವರು ಮಡಿಯಲ್ಲಿದ್ದಾರೆ ಅಂದುಕೊಂಡಾಗ ಆ ತಟ್ಟೆಯನ್ನು ನಾನು ಭಕ್ತಿಯಿಂದಲ್ಲದಿದ್ದರೂ ಮರ್ಯಾದೆಯಿಂದ ದೂರ ಇಡುತ್ತಿದ್ದೆ. ಈಗ ಅದೇ ತಟ್ಟೆಗೆ ಕುದಿನೀರು ಸುರಿದೆ. ಹರಡುವುದಿಲ್ಲ ಅಂತ ಗೊತ್ತಿದ್ದೂ ಸುರಿದೆ. ಅತ್ತೆ ನೋಡಿದರು. ಗೆರೆ ಅಳಿಸಿ ಹೊರಗೆ ಬನ್ನಿ ಅಂತ ಆ ಮನೆಯಲ್ಲಿ ಯಾರೂ ಅವರನ್ನು ಕರೆಯಲಿಲ್ಲ, ನನ್ನನ್ನೂ ಸೇರಿಸಿ.

ಜನವರಿಯಲ್ಲಿ ಮಾತ್ರೆ ಮುಗಿಯಿತು. ಕೊನೆಯ ಪರೀಕ್ಷೆಯೂ ಶುದ್ಧ. ಪೂರ್ತಿ ಗುಣವಾಗಿದೆ ಅಂತ ಬರೆದ ಕಾಗದವನ್ನು ಅತ್ತೆ ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದರು. ಹೊರಬಂದಾಗ ಹಸಿರು ಹೂವಿನ ವಾಯಿಲ್ ಸೀರೆ ಉಟ್ಟಿದ್ದರು. ಆರು ತಿಂಗಳಲ್ಲಿ ಮೊದಲ ಸಲ ಹಾಲ್‌ನ ಸೋಫಾದ ತುದಿಯಲ್ಲಿ ಕೂತರು. ಸಂಜೆ ಐದರ ಬಿಸಿಲು ಇನ್ನೂ ಇತ್ತು. ವೀಕ್ಷಾ ನೆಲದ ಮೇಲೆ ಬಣ್ಣ ಬಳಿಯುತ್ತಾ ಕೂತಿದ್ದಳು.

"ಬಾರೋ ಕಣ್ಣಾ" ಅಂತ ಅತ್ತೆ ಎರಡೂ ಕೈ ಚಾಚಿದರು.

ಮಗು ಎದ್ದು ಓಡಿತು. ಎರಡಡಿ ದೂರದಲ್ಲಿ ತಾನಾಗಿಯೇ ನಿಂತಿತು. ಅಜ್ಜಿಯ ಕೈ ನೋಡಿತು, ಆಮೇಲೆ ನನ್ನ ಕಡೆ ತಿರುಗಿತು. "ಅಮ್ಮಾ, ತೊಡಲಾಮಾ?"

ಮುಟ್ಟಬಹುದಾ ಅಂತ ಕೇಳುತ್ತಿತ್ತು. ಕಾಗದ ನನ್ನ ಕೈಯಲ್ಲೇ ಇತ್ತು. ಓದು ಬರಹ ಬಲ್ಲವಳು ನಾನು, ಎಲ್ಲ ಗೊತ್ತಿತ್ತು. ಹೂಂ ಅನ್ನಬೇಕಿತ್ತು, ಅಷ್ಟೇ. ಆ ಒಂದು ಹೂಂ ಬಾಯಿಗೆ ಬರಲಿಲ್ಲ. ತುಂಬ ಹೊತ್ತೇನಲ್ಲ, ಎಂಜಲು ನುಂಗುವಷ್ಟು ಹೊತ್ತು.

ಅತ್ತೆ ಮಗುವನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಕೈ ಮಡಿಲಿಗೆ ಎಳೆದುಕೊಂಡರು. ಸೆರಗು ಹೊದ್ದುಕೊಂಡು ಮಗುವಿನ ಕಡೆ ನಕ್ಕರು.

"ಬೇಡ ಕಣ್ಣಾ. ಅಜ್ಜಿ ಇನ್ನೂ ಮಡೀಲೇ ಇದಾಳೆ."

ನನ್ನ ಮಾನ ಉಳಿಸಲು ಹಾಗಂದರು. ಎದ್ದು ತಮ್ಮ ರೂಮಿಗೆ ಹೋದರು. "ಹೋಗೇ, ಹೋಗಿ ತಬ್ಕೋಳೇ!" ಅಂತ ನಾನು ಮಗುವನ್ನು ದೂಡಿದೆ, ಅತ್ತೆಯನ್ನು ಕೂಗಿದೆ, ಅತ್ತೆ, ಅತ್ತೆ ಅಂತ ಬಾಗಿಲು ತಟ್ಟಿದೆ. ಒಳಗಿನಿಂದ ಒಲೆಯ ಸ್ವಿಚ್ ಹಾಕುವ ಸದ್ದು ಬಂತು, ಅವರು ತಮ್ಮೊಬ್ಬರ ಅಡುಗೆಗೆ ಇಟ್ಟಿದ್ದರು.

ವೀಕ್ಷಾಳಿಗೆ ಈಗ ಆರು ವರ್ಷ, ಅತ್ತೆಯ ಬಾಗಿಲಿನ ಗೆರೆ ಇನ್ನೂ ಇದೆ. ಮುಟ್ಟಬಹುದಾ ಅಂತ ಅವಳು ಮತ್ತೆ ಕೇಳಿಲ್ಲ.