ಸಾಹುಕಾರರು ತಂದ ವೈರು

ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದೆ ಸಿಸಿಟಿವಿ ಕ್ಯಾಮರಾದ ಅಂಗಡಿ ಇಟ್ಟಿರುವ ಅಂದೋಲಾದ ಕಲ್ಲಿನಾಥನಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ಗೊತ್ತಿಲ್ಲ, ನೆಟ್‌ವರ್ಕ್ ವೈರಿನ ಮೇಲೆ ಮಾತ್ರ ಅಪಾರ. ಒಂದೇ ವೈರಿನಲ್ಲಿ ಚಿತ್ರ ಈ ಕಡೆ ಬರುತ್ತದೆ, ಕರೆಂಟು ಆ ಕಡೆ ಹೋಗುತ್ತದೆ, ಕ್ಯಾಮರಾಕ್ಕೆ ಬೇರೆ ಪ್ಲಗ್ಗೇ ಬೇಡ. ಆಳಂದದಿಂದ ಅಫಜಲಪುರದವರೆಗೆ ಈ ಪ್ರವಚನ ಕೇಳದ ಚಹಾದಂಗಡಿ ಉಳಿದಿಲ್ಲ. ಐಟಿಐ ಮುಗಿಸಿ ಹತ್ತು ವರ್ಷ ಡಿಶ್ ಕೂಡಿಸಿದ, ಆಮೇಲೆ ಕ್ಯಾಮರಾ ಕೂಡಿಸತೊಡಗಿದ. ಕೆಟ್ಟ ವೈರು ಮುಟ್ಟುವುದಿಲ್ಲ ಎಂಬ ವ್ರತ ಬೇರೆ. ಅದನ್ನು ಮುರಿದದ್ದು ಒಂದೇ ಸಲ.

ತೊಗರಿ ಬೇಳೆ ಮಿಲ್ಲಿನ ದೊಡ್ಡಪ್ಪ ಸಾಹುಕಾರರಿಗೆ ತಿರುಗುವ ಕ್ಯಾಮರಾ ಬೇಕಾಯಿತು. ಕುತ್ತಿಗೆ ಹೊರಳಿಸುವ, ದೂರದ ಚೀಲದ ಮೇಲಿನ ಅಕ್ಷರ ಓದುವ ಕ್ಯಾಮರಾ. ಅಂಥದ್ದನ್ನು ಚೌಕಾಸಿಯಿಲ್ಲದೆ ತರಿಸಿದ ಧಾರಾಳಿಗಳು ವೈರನ್ನು ಮಾತ್ರ ತಾವೇ ಸೋಲಾಪುರದಿಂದ ಅಗ್ಗಕ್ಕೆ ಹೊತ್ತು ತಂದರು. ಕಲ್ಲಿನಾಥ ಬ್ಲೇಡಿನಿಂದ ಕೆರೆದು ನೋಡಿದ. ಮೇಲೆ ತಾಮ್ರದ ಲೇಪ, ಒಳಗೆ ಬಿಳಿ ಅಲ್ಯೂಮಿನಿಯಂ.

“ಇದು ನಡಿಯಂಗಿಲ್ರಿ ಸಾವ್ಕಾರ್ರ. ಕ್ಯಾಮರಾದಾಗ ಮೋಟರ್ ಅದ. ತಿರಗುವಾಗ ಕರೆಂಟ್ ಜಾಸ್ತಿ ಜಗ್ತದ, ಇಷ್ಟು ದೂರ ಮುಟ್ಟಂಗಿಲ್ಲ.”

“ಅದೇನು ಜ್ವಾಳ ಬೀಸ್ತದೇನೋ? ಹಾಕಲೇ ಸುಮ್ನ. ಇನ್ನಾ ನಾಕು ಗೋದಾಮ ಅದಾವ, ಅವುಗಳ ಕೆಲಸಾನೂ ನಿನಗೇ ಕೊಡ್ತೇನಿ.”

ನಾಲ್ಕು ಗೋದಾಮು ಎಂದ ಕೂಡಲೇ ಕಲ್ಲಿನಾಥನ ವ್ರತ ಮೆತ್ತಗಾಯಿತು. ವೈರು ಎಳೆದ. ಕ್ಯಾಮರಾ ಜೋರಾಗಿ ತಿರುಗಿದರೆ ಬಂದಾಗಿ, ಎರಡು ನಿಮಿಷ ಬಿಟ್ಟು ತಾನೇ ಚಾಲೂ ಆಗುತ್ತಿತ್ತು. ಮಹಾ ಜಾಣ, ಮೋಟರಿನ ವೇಗ ಇಳಿಸಿಟ್ಟು ಬಾಯಿಗೆ ಬೀಗ ಹಾಕಿಕೊಂಡ.

ಆದರೆ ಆಮೆ ನಡಿಗೆ ಸಾಹುಕಾರರ ಮರ್ಯಾದೆಗೆ ಸಾಕಾಗಬೇಕಲ್ಲ? ಫೋನಿನಲ್ಲಿ ಅಲ್ಲಿ ಇಲ್ಲಿ ಒತ್ತಿ ವೇಗ ಏರಿಸಿಕೊಂಡರು. ಅಫಜಲಪುರದಿಂದ ಬೀಗರು ಬಂದ ದಿನ ಮಧ್ಯಾಹ್ನವೆಲ್ಲ ಗಾದಿಯ ಮೇಲೆ ಕೂತು, “ನೋಡ್ರಿ ಬೀಗ್ರ, ಹ್ಯಾಂಗ ಹೊರಳ್ತದ!” ಎಂದು ಅದನ್ನು ಕುಣಿಸಿದ್ದೇ ಕುಣಿಸಿದ್ದು. ಪರದೆ ಕಪ್ಪಾದಾಗಲೆಲ್ಲ ನೆಟ್‌ವರ್ಕಿಗೆ ಬೈದರು. ಸಂಜೆ ನೋಡಿದರೆ ಎರಡು ಚೀಲ ಬೇಳೆ ಮಾಯ. ರೆಕಾರ್ಡಿಂಗಿನಲ್ಲಿ ನಾಲ್ಕು ಕಡೆ ಕತ್ತಲು. ಸಾಹುಕಾರರ ಬುದ್ಧಿ ಕ್ಷಣದಲ್ಲಿ ತೀರ್ಪು ಕೊಟ್ಟಿತು: ಹನ್ನೊಂದು ವರ್ಷದಿಂದ ಗೇಟು ಕಾಯುತ್ತಿದ್ದ ಚಂದಪ್ಪನೇ ವೈರು ಕಿತ್ತು ಕದ್ದಿದ್ದಾನೆ.

ಸುದ್ದಿ ಅಂದೇ ಕಲ್ಲಿನಾಥನ ಕಿವಿಗೆ ಬಿತ್ತು. ಕೇಳಿ ಚಹಾ ಕುಡಿದ, ಮನೆಗೆ ಹೋದ. ಮರುದಿನವೂ ಅಷ್ಟೇ. ಅಷ್ಟರಲ್ಲಿ ಊರು ಚಂದಪ್ಪನಿಗೆ ಕಳ್ಳನ ಪದವಿ ದಯಪಾಲಿಸಿ, ಅವನ ಹೆಂಡತಿ ನೀರಿಗೆ ಬಂದರೆ ಮಾತು ನಿಲ್ಲಿಸುತ್ತಿತ್ತು.

ಮೂರನೆಯ ದಿನ ಸಾಹುಕಾರರೇ ಕರೆಸಿದರು. “ಯಾರೋ ವೈರ್ ಕಿತ್ತಾರ ಅಂತ ಚೀಟಿ ಬರದು ಕೊಡು. ಇವನ್ನ ಠಾಣೆಗೆ ಕಳಸ್ತೇನಿ. ಗೋದಾಮಿನ ಕೆಲಸ ಸೋಮವಾರ ಚಾಲೂ ಮಾಡು.”

ಬಾಗಿಲಲ್ಲಿ ಚಂದಪ್ಪ ಕೈಕಟ್ಟಿ ನಿಂತಿದ್ದ. ಕಲ್ಲಿನಾಥನಿಗೆ ಮೊದಲು ನೆನಪಾದದ್ದು ಗೋದಾಮೇ, ನಾಚಿಕೆಗೇಡಿ. ಆದರೆ ಆ ಕಟ್ಟಿದ ಕೈ ನೋಡಿದ ಮೇಲೆ ಚೀಟಿ ಬರೆಯಲಾಗಲಿಲ್ಲ. ಸಾಹುಕಾರರ ಫೋನು ತೆಗೆದುಕೊಂಡು ಕ್ಯಾಮರಾವನ್ನು ಗರಕ್ಕನೆ ತಿರುಗಿಸಿದ. ಪರದೆ ಕಪ್ಪಾಯಿತು.

“ಯಾರೂ ಮುಟ್ಟಿಲ್ರಿ. ವೈರೇ ತಾಳಂಗಿಲ್ಲ. ಹಾಕೋ ದಿನಾನೇ ನನಗ ಗೊತ್ತಿತ್ತು.”

ಸಾಹುಕಾರರು ಫೋನು ಕಸಿದುಕೊಂಡು ಜೇಬಿಗಿಳಿಸಿದರು. “ಆಯ್ತು ಬಿಡು. ಚಂದಪ್ಪ, ಹೋಗು, ಚಾ ಕುಡಿ, ಕೆಲಸಾ ನೋಡು.” ಅವರ ವಂಶದಲ್ಲಿ ಕ್ಷಮೆ ಕೇಳುವ ಪದ್ಧತಿ ಇದು. ಗೋದಾಮಿನ ಕೆಲಸ ಅಲ್ಲೇ ಬೇರೆಯವನ ಪಾಲಾಯಿತು.

ಇಷ್ಟು ದೊಡ್ಡ ತ್ಯಾಗ ಮಾಡಿದ ಕಲ್ಲಿನಾಥ ಎದೆ ಉಬ್ಬಿಸಿಕೊಂಡೇ ಗೇಟಿಗೆ ಬಂದ. ಒಂದು ಒಳ್ಳೆಯ ಮಾತು ಸಿಕ್ಕೀತೆಂಬ ಆಸೆ.

“ಹಾಕೋ ದಿನಾನೇ ಗೊತ್ತಿತ್ತೇನು ತಮ್ಮಾ?” ಎಂದ ಚಂದಪ್ಪ.

“ಹೌದು ಕಾಕಾ.”

“ಮತ್ತ ಮೂರು ದಿನ ಎಲ್ಲಿ ಇದ್ದಿ?”

ಚಂದಪ್ಪ ಗೇಟಿನ ಕೀಲಿಗೊಂಚಲು ಸೊಂಟದಿಂದ ಬಿಚ್ಚಿ ಕಲ್ಲಿನಾಥನ ಕೈಗಿಟ್ಟು, “ಸಾವ್ಕಾರ್ರಿಗೆ ಕೊಡು” ಎಂದು ಹೇಳಿ, ಚಹಾ ಮುಟ್ಟದೆ ಮನೆಯ ದಾರಿ ಹಿಡಿದ.