ಎರಡನೆಯ ಟ್ರಾಲಿ

ಜಾಯ್‌ಸ್ಟಿಕ್ ಬೇಕಾಗಿದ್ದದ್ದು ನನಗೆ, ನನ್ನ ಮೈದುನನಿಗಲ್ಲ. ಮನೆಯಲ್ಲಿ ಹೇಳಿದ್ದು ಮಾತ್ರ ಉಲ್ಟಾ. ಬಿ.ಎಸ್ಸಿ. ಓದಿ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುವ ಸೊಸೆ, ಅಂತರಿಕ್ಷದಲ್ಲಿ ಹಡಗು ಹಾರಿಸಿ ವೈರಿಗಳನ್ನು ಹೊಡೆದುರುಳಿಸುವ ಕಂಪ್ಯೂಟರ್ ಆಟಕ್ಕೆ ಕೋಲು ಕೊಳ್ಳುತ್ತಾಳೆಂದರೆ, ಬಸವಕಲ್ಯಾಣದ ನಮ್ಮ ಓಣಿಗೆ ಒಂದು ವಾರಕ್ಕಾಗುವಷ್ಟು ಮಾತು ಸಿಗುತ್ತಿತ್ತು. ಅದಕ್ಕೇ ಅವನಿಗೆ ಹೇಳಿದೆ:

“ನಿನಗ ಬೇಕಾಗ್ಯದ ಅಂತ ಹೇಳು. ನಾ ಬ್ಲೌಸಿನ ಲೈನಿಂಗ್ ತರಾಕ ಸಂಗಾಟ ಹೊಂಟೀನಿ ಅಂತೀನಿ.”

“ಅವ್ವ ನನಗ ಬೈತಾಳಲ್ಲ ವೈನಿ?”

“ನಿನಗ ಬೈಸ್ಕೊಂಡು ರೂಢಿ ಅದ.”

ಅವನು ನಕ್ಕ. ನಗುತ್ತಾನೆಂದು ಗೊತ್ತಿದ್ದೇ ನಾನು ಹಾಗೆ ಹೇಳಿದ್ದು.

ಅವನು ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ರವಿವಾರ ಊಟವಾದ ಮೇಲೆ ನಾವಿಬ್ಬರೂ ಅವನ ಹಳೆಯ ಕಂಪ್ಯೂಟರಿನ ಮುಂದೆ ಕೂತುಬಿಡುತ್ತಿದ್ದೆವು. ಕೀಬೋರ್ಡಿನಲ್ಲಿ ಹಡಗು ಹಾರಿಸುವವನು ಅವನು. ಪರದೆಯ ಮೂಲೆಯಲ್ಲಿ ವೈರಿಗಳೆಲ್ಲ ಚುಕ್ಕೆಗಳಾಗಿ ಕಾಣುವ ಒಂದು ದುಂಡು ನಕ್ಷೆ ಇರುತ್ತದೆ. ಅದರ ಮೇಲೆ ಕಣ್ಣಿಟ್ಟು ಕೂಗುವವಳು ನಾನು. “ಎಡಕ್ಕ ಎರಡು.” “ಹಿಂದ ಒಂದು ಬರಾಕತ್ತದ.” ದಾರಿ ತೆರವಾದರೆ, “ಖಾಲಿ ಅದ, ಹೊಡಿ.” ನಾನು ಹೊಡಿ ಅಂದ ಮೇಲೆ ಅವನು ನಕ್ಷೆಯತ್ತ ನೋಡುತ್ತಲೇ ಇರಲಿಲ್ಲ. ಆ ನಂಬಿಕೆ ನನಗೆ ಇಷ್ಟವಾಗುತ್ತಿತ್ತು.

ಎರಡು ವರ್ಷ ಕೂಗಿದ ಮೇಲೆ ನನಗೂ ಹಾರಿಸಬೇಕೆನಿಸಿತು. ಕೀಬೋರ್ಡಿನಲ್ಲಿ ನನ್ನ ಹಡಗು ಹಟಮಾರಿ ಎಮ್ಮೆಯ ಹಾಗೆ ತಿರುಗುತ್ತಿತ್ತು. ಜಾಯ್‌ಸ್ಟಿಕ್ ಇದ್ದರೆ ಮಣಿಕಟ್ಟು ಬಾಗಿಸಿದಷ್ಟೇ ಹಡಗೂ ಬಾಗುತ್ತದೆಂದು ಒಂದು ವಿಡಿಯೋದಲ್ಲಿ ನೋಡಿದ್ದೆ. ತಿಂಗಳುಗಟ್ಟಲೆ ಅದೇ ವಿಚಾರ ಮಾಡಿದೆ. ವಾರಕ್ಕೊಮ್ಮೆ ಆಡುವ ಆಟಕ್ಕೆ ಅದು ಬೇಕೇ? ಬೇಸರವಾದರೆ ಏನು ಮಾಡುವುದು? ಮೈದುನನದು ಒಂದೇ ಮಾತು: “ಕೀಬೋರ್ಡ್ ಸಾಕಲ್ಲ ವೈನಿ, ಆ ಬಡಿಗಿ ಇಡಲಾಕ ಟೇಬಲ್ ಮ್ಯಾಲ ಜಾಗಾ ಎಲ್ಲದ?” ಆದರೂ ಹುಮನಾಬಾದಿನ ಅಂಗಡಿಯೊಂದರಲ್ಲಿ ಒಂದು ಇದೆಯೆಂದು ವಿಚಾರಿಸಿಕೊಂಡು ಬಂದವನು ಅವನೇ. ಕೈಯಲ್ಲಿ ಹಿಡಿದು ನೋಡಿ ಆಮೇಲೆ ತೀರ್ಮಾನಿಸೋಣ ಎಂದು ಒಂದು ರವಿವಾರ ಮಧ್ಯಾಹ್ನ ಅವನ ಬೈಕಿನಲ್ಲಿ ಹೊರಟೆವು.

ಕಬ್ಬಿನ ಹಂಗಾಮು. ನಮ್ಮೂರಿನಿಂದ ಹೆದ್ದಾರಿ ಸೇರುವವರೆಗಿನ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಜೋರಾಗಿ ಹಾಡು ಹಾಕಿಕೊಂಡು ತೆವಳುತ್ತಿತ್ತು. ಟ್ರಾಲಿಯಲ್ಲಿ ಹೇರಿದ ಕಬ್ಬಿನ ಗಳಗಳು ಎರಡೂ ಕಡೆ ಚಾಚಿಕೊಂಡು ರಸ್ತೆಯ ಮುಕ್ಕಾಲು ಭಾಗ ಮುಚ್ಚಿದ್ದವು. ಅದರ ಬೆನ್ನಿಗೇ ನಾವು. ಅವನಿಗೆ ಮುಂದೇನೂ ಕಾಣುತ್ತಿರಲಿಲ್ಲ.

“ಕಾಣ್ತದೇನ್ ವೈನಿ?”

ನಾನು ಅವನ ಭುಜ ಹಿಡಿದು ಬಲಕ್ಕೆ ಬಾಗಿ ನೋಡಿದೆ. ರಸ್ತೆ ಉದ್ದಕ್ಕೂ ತೆರವಾಗಿತ್ತು. ತುದಿಯಲ್ಲಿ ಒಂದು ಚುಕ್ಕೆ ಇತ್ತು.

“ಖಾಲಿ ಅದ. ಹೊಡಿ.”

ಅವನು ಹೊಡೆದ. ಹಿಂದಿನ ಟ್ರಾಲಿಯನ್ನು ದಾಟಿದೆವು. ಅದರ ಮುಂದೆ ಇನ್ನೊಂದು ಟ್ರಾಲಿ ಇತ್ತು.

ಹಂಗಾಮಿನಲ್ಲಿ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಕಟ್ಟಿಕೊಂಡು ಹೋಗುತ್ತವೆ. ಇದು ನಮ್ಮ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ರೈಲು ಪ್ಲಾಟ್‌ಫಾರ್ಮ್ ದಾಟುವ ಲೆಕ್ಕದಲ್ಲಿ ಎರಡರ ಉದ್ದವನ್ನೂ ಕೂಡಿಸಬೇಕು ಎಂದು ವರ್ಷಾ ವರ್ಷಾ ಮಕ್ಕಳ ತಲೆಗೆ ತುಂಬುವವಳು ನಾನು. ಆ ಹೊತ್ತಿನಲ್ಲಿ ನಾನು ಆ ರಸ್ತೆಯಲ್ಲಿ ಇರಲೇ ಇಲ್ಲ, ಪರದೆಯ ಮುಂದೆ ಕೂತಿದ್ದೆ.

ಚುಕ್ಕೆ ಮೊಪೆಡ್ ಆಯಿತು. ಮೊಪೆಡ್ಡಿನ ಮೇಲೆ ಒಬ್ಬ ಗಂಡಸು, ಹಿಂದೆ ಅವನ ಹೆಂಡತಿ, ಎರಡು ಬದಿಗೆ ಹಾಲಿನ ಕ್ಯಾನು. ಎಡಕ್ಕೆ ಕಬ್ಬು ನನ್ನ ಮೊಣಕಾಲನ್ನು ಕೆರೆಯುತ್ತಿತ್ತು. ಮೈದುನ ಬ್ರೇಕ್ ಹಾಕಿದ, ಬೈಕು ಬಾಲ ತಿರುವಿತು. ಆ ಗಂಡಸಿನ ಕಣ್ಣು ಅಗಲವಾದದ್ದನ್ನು ನಾನು ನೋಡಿದೆ. ಅವನು ಮೊಪೆಡ್ಡನ್ನು ರಸ್ತೆಯಿಂದ ಕೆಳಗೆ ಇಳಿಸಿಬಿಟ್ಟ. ನಮ್ಮಿಬ್ಬರ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಮೊಪೆಡ್ ಎರೆಮಣ್ಣಿನಲ್ಲಿ ಉರುಳಿತು. ನಾವು ಸ್ವಲ್ಪ ಮುಂದೆ ಹೋಗಿ ಬಿದ್ದೆವು. ಟ್ರ್ಯಾಕ್ಟರಿನವನಿಗೆ ಇದಾವುದೂ ತಿಳಿಯಲಿಲ್ಲ, ಅವನ ಹಾಡು ದೂರ ದೂರ ಹೋಯಿತು.

ಈಗಲೂ ರೊಟ್ಟಿ ತಟ್ಟುವಾಗ, ಪಾಠ ಹೇಳುವಾಗ ಆ ಕಣ್ಣುಗಳು ಬರುತ್ತವೆ. ಒಮ್ಮೊಮ್ಮೆ ಆ ನೆನಪಿನಲ್ಲಿ ಅವನು ಮೊಪೆಡ್ಡನ್ನು ರಸ್ತೆಯಿಂದ ಇಳಿಸುವುದೇ ಇಲ್ಲ.

ಮೊದಲು ಎದ್ದವಳು ಆ ಹೆಂಗಸು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಕಪ್ಪು ಮಣ್ಣಿನ ಮೇಲೆ ಹಾಲು ಹರಿಯುತ್ತಿತ್ತು. ಅವಳು ನೇರ ಮೈದುನನ ಮುಂದೆ ಬಂದು ನಿಂತಳು.

“ಏ ಮೂಳಾ, ಕಣ್ಣ ಮನ್ಯಾಗಿಟ್ಟು ಬಂದೀಯೇನು? ಹಿಂದ ಹೆಣ್ಮಗಳು ಕುಂತಾಳ ಅನ್ನೋ ಖಬರಾದ್ರೂ ಬ್ಯಾಡ?”

“ತಪ್ಪಾಯ್ತವ್ವ,” ಅಂದ ಅವನು. ಅವನ ಮುಂಗೈ ಚರ್ಮ ಸುಲಿದು ಹೋಗಿತ್ತು.

“ಬಿಡು, ಜೀವ ಉಳೀತಲ್ಲ,” ಎಂದ ಅವಳ ಗಂಡ, ಕ್ಯಾನು ಎತ್ತಿ ನಿಲ್ಲಿಸುತ್ತ. “ಎಮ್ಮಿ ನಾಳಿಗೂ ಹಾಲ ಕೊಡ್ತದ.”

“ನೀ ಸುಮ್ನಿರು. ಎಮ್ಮಿ ಹಾಲ ಕೊಡ್ತದ, ಹೊಸಾ ಮೊಣಕೈ ಕೊಡ್ತದೇನು?”

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ದನಿಯೇ ಬದಲಾಯಿತು. “ಹಂಗ ನಡಗಬ್ಯಾಡ ತಾಯಿ. ನೀ ಏನ್ ಮಾಡ್ತಿ? ಈ ಹುಡುಗ್ರ ಕೈಯಾಗ ಗಾಡಿ ಸಿಕ್ರ ಮುಗೀತು.” ತನ್ನ ಚೀಲದಿಂದ ಬಾಟಲಿ ತೆಗೆದು ನೀರು ಕೊಟ್ಟಳು. ನಾನು ಕುಡಿದೆ. ನೀರಿಗೆ ತೆರೆದ ಬಾಯಿ ಮಾತಿಗೆ ತೆರೆಯಲಿಲ್ಲ. ಮೈದುನ ನನ್ನನ್ನು ನೋಡಲೂ ಇಲ್ಲ, ಬಗ್ಗಿ ಅವರ ಮೊಪೆಡ್ಡಿನ ಹ್ಯಾಂಡಲ್ ನೇರ ಮಾಡುತ್ತಿದ್ದ.

ಅಲ್ಲಿಂದಲೇ ಮನೆಗೆ ತಿರುಗಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಹಾಗಾಗಿ ಹುಮನಾಬಾದಿಗೆ ಹೋದೆವು. ಅಂಗಡಿಯವನು ಡಬ್ಬದಿಂದ ಜಾಯ್‌ಸ್ಟಿಕ್ ತೆಗೆದು ಕಂಪ್ಯೂಟರಿಗೆ ಜೋಡಿಸಿಕೊಟ್ಟ. ನಾನು ಹಿಡಿದುಕೊಂಡೆ. ಪರದೆಯ ಮೇಲಿನ ಹಡಗು ನಿಂತಲ್ಲೇ ಗಡಗಡ ನಡುಗತೊಡಗಿತು.

“ಹಗೂರ ಹಿಡೀರಿ ಮೇಡಂ, ಅದೇನ್ ಓಡಿ ಹೋಗಂಗಿಲ್ಲ,” ಎಂದು ನಕ್ಕ. “ಹೊಸದಾಗಿ ಎಲ್ಲರಿಗೂ ಹಿಂಗೇ ಆಗ್ತದ್ರಿ.”

ಒಂದು ವಾರ ಯಾರಿಗೂ ಕೊಡಬೇಡಿ, ಫೋನ್ ಮಾಡುತ್ತೇನೆ ಎಂದು ಹೇಳಿ ಬಂದೆ.

ಮನೆಯಲ್ಲಿ ಅತ್ತೆ ಅವನ ಕೈ ನೋಡಿದರು. ಅವನು ಹೇಳಿದ್ದು ಇಷ್ಟೇ: “ಅವಸರ ಮಾಡ್ದೆ ಅವ್ವ.” ನನ್ನ ಗಂಡ ಬೈಕಿನ ಚಾವಿ ತೆಗೆದು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡರು.

“ಆ ಆಟ ಆಡಿ ಆಡಿ ರಸ್ತೀನೂ ಆಟ ಅಂತ ತಿಳ್ಕೊಂಡಾನ,” ಎಂದರು ಅತ್ತೆ. “ಮ್ಯಾಲ ಇನ್ನೊಂದ್ ಬಡಿಗಿ ಬೇರೆ ಬೇಕಂತ ಇವಗ!”

ನಾನು ಅವನ ಕೈಗೆ ಅರಿಶಿನ ಹಚ್ಚುತ್ತಿದ್ದೆ. “ನಮ್ಮ ಸೊಸಿ ಪುಣ್ಯಾ, ಆಕಿಗೇನೂ ಆಗ್ಲಿಲ್ಲ,” ಎಂದರು ಅತ್ತೆ.

ಬೆಳಗಿನ ಪಾಳಿಯ ಹೊತ್ತಿಗೆ ಮುಟ್ಟಿಸುವ ಬಸ್ಸಿಲ್ಲ. ಆ ವಾರ ಮೈದುನನನ್ನು ತಡವಾಯಿತೆಂದು ಎರಡು ಸಲ ಕಾರ್ಖಾನೆಯ ಗೇಟಿನಿಂದಲೇ ವಾಪಸು ಕಳಿಸಿದರು. ಮೂರನೆಯ ಸಲ ಹೀಗಾದರೆ ಬರುವುದೇ ಬೇಡ ಎಂದಿದ್ದರಂತೆ. ಅದನ್ನವನು ಅಣ್ಣನಿಗೆ ಹೇಳಿ ಚಾವಿ ಕೇಳಿದ. ಅವರು ಕೊಡಲಿಲ್ಲ. ಪಕ್ಕದ ಕೋಣೆಯಲ್ಲಿ ನನ್ನ ಹತ್ತಿರ ಪಾಠಕ್ಕೆ ಬಂದ ಒಬ್ಬ ಹುಡುಗಿ ರೈಲಿನ ಲೆಕ್ಕ ಹಿಡಿದುಕೊಂಡು ಕೂತಿದ್ದಳು. ಅದನ್ನು ಬಿಟ್ಟು ಮುಂದಿನ ಪಾಠ ಮಾಡು ಎಂದೆ.

ಎಂಟನೆಯ ದಿನ, ರವಿವಾರ, ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ.

“ಖಾಲಿ ಅದ, ಹೊಡಿ ಅಂದಾಕಿ ನಾ. ಅಂವಗ ಮುಂದ ಕಾಣ್ತಿದ್ದಿಲ್ಲ. ನಾ ನೋಡಿ ಹೇಳೀನಿ.”

ನನ್ನ ಗಂಡ ತಲೆ ಎತ್ತಿದರು. ಆಮೇಲೆ ನಕ್ಕರು. “ಅವನ್ನ ಉಳಸ್ಲಾಕ ಹೊಂಟಿಯೇನು?”

“ಪಾಪ, ಆಕಿ ಜೀವ ತಡೀವಲ್ದು,” ಎಂದರು ಅತ್ತೆ. “ಚಲೋ ಮನಸ ಆಕೀದು.”

ನಾನು ಮಾಡಿದ ತಪ್ಪೂ ನನ್ನ ಒಳ್ಳೆಯತನದ ಲೆಕ್ಕಕ್ಕೆ ಹೋಗುತ್ತಿತ್ತು. ಆ ಕೋಲೂ ನನ್ನದೇ, ಹುಮನಾಬಾದಿಗೆ ಹೊರಡಿಸಿದ್ದೂ ನಾನೇ ಅಂದೆ. ನಂಬಲಿಲ್ಲ. ಕೊನೆಗೆ ಎಡಗೈಯಲ್ಲಿ ಫೋನ್ ತೆಗೆದು ಅಂಗಡಿಯವನಿಗೆ ಹಚ್ಚಿ, ಸ್ಪೀಕರ್ ಹಾಕಿ ತಾಟಿನ ಪಕ್ಕ ಇಟ್ಟೆ. ಜಾಯ್‌ಸ್ಟಿಕ್ ಯಾರು ಕೇಳಿದ್ದರು, ಹೇಳಿ ಎಂದೆ.

“ನೀವೇ ಅಲ್ರಿ ಮೇಡಂ? ಸಂಗಾಟ ಬಂದಿದ್ರಲ್ಲ, ಅವ್ರು ಬ್ಯಾಡ ಬ್ಯಾಡ ಅಂತಿದ್ರು. ಕೈ ನಡುಗ್ತಿದ್ರೂ ನೀವು ಬಿಡ್ಲಿಲ್ಲ. ಇನ್ನೂ ಇಟ್ಟೀನ್ರಿ. ಪ್ಯಾಕ್ ಮಾಡ್ಲೇನ್ರಿ?”

ಯಾರೂ ತಾಟಿಗೆ ಕೈ ಹಾಕಲಿಲ್ಲ. “ಬ್ಯಾಡ್ರಿ. ಬ್ಯಾರೆ ಯಾರಿಗಾದ್ರೂ ಕೊಟ್ಬಿಡ್ರಿ,” ಎಂದೆ. ತಿಂಗಳುಗಟ್ಟಲೆ ತೂಗಿದ ಮಾತು ಅಷ್ಟು ಸಲೀಸಾಗಿ ಮುಗಿದದ್ದು ನನಗೆ ಇನ್ನಷ್ಟು ನಾಚಿಕೆ ತಂದಿತು. ಬೇಡವೆಂದದ್ದರಿಂದ ನಾನು ಕಳೆದುಕೊಂಡಿದ್ದಾದರೂ ಏನು?

ನನ್ನ ಗಂಡ ಕೈ ತೊಳೆದು ಕಪಾಟಿನಿಂದ ಚಾವಿ ತಂದು ತಮ್ಮನ ಮುಂದೆ ಇಟ್ಟರು. ಅತ್ತೆ, “ನಾ ಎಂಟ್ ದಿನ ಯಾರಿಗೆ ಬೈದೆನವ್ವ ಹಂಗಾರ?” ಎಂದು ನನ್ನನ್ನೇ ಕೇಳಿದರು.

ಮೈದುನ ಚಾವಿ ತೆಗೆದುಕೊಂಡ. ಅವನು ನಗುತ್ತಾನೆಂದು, ‘ಇರ್ಲಿ ಬಿಡ್ರಿ ವೈನಿ’ ಅನ್ನುತ್ತಾನೆಂದು ನಾನು ಕಾಯುತ್ತಿದ್ದೆ.

“ರಸ್ತ್ಯಾಗ ಹೇಳ್ತೀರಿ ಅಂತ ನೋಡ್ದೆ. ಮನ್ಯಾಗ ಹೇಳ್ತೀರಿ ಅಂತ ನೋಡ್ದೆ,” ಎಂದ. “ಎಂಟ್ ದಿನಾ ವೈನಿ.”

ಆ ರವಿವಾರ ಅವನು ಕಂಪ್ಯೂಟರ್ ಹಚ್ಚಲಿಲ್ಲ. ನಾನೂ ಕೇಳಲಿಲ್ಲ. ಈಗ ದಿನಾ ಬೆಳಿಗ್ಗೆ ಅವನು ಬೈಕು ಹೊರಡಿಸುವ ಹೊತ್ತಿಗೆ ನಾನು ಒಲೆಯ ಮುಂದೆ ಇರುತ್ತೇನೆ. ಸದ್ದು ಓಣಿ ದಾಟಿ ರಸ್ತೆ ಸೇರಿ ಅಳಿಸಿಹೋಗುವ ತನಕ ನನ್ನ ಕೈ ಏಳುವುದಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುತ್ತದೆ. ಸೀದದ್ದನ್ನು ನಾನೇ ತಿನ್ನುತ್ತೇನೆ.