ಬಾಟ್ಲಿ ಅಕ್ಕನ ಮುಗಿಯದ ವರ್ಷ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಿವೃತ್ತ ಬಸ್ ಚಾಲಕರೊಬ್ಬರ ಹಿತ್ತಲಲ್ಲಿ, ಬಾವಿಯ ಪಂಪಿಗೆ ಜೋಡಿಸಿದ ನಲ್ಲಿಯ ಮುಂದೆ ಆಕೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಪೈಪಿನಲ್ಲಿ ನಿಂತ ಹಳೆಯ ನೀರೆಲ್ಲ ಹರಿದುಹೋಗಿ ಆಳದ ತಣ್ಣನೆಯ ನೀರು ಬರಬೇಕು. ಆಮೇಲೆ ಬಕೆಟ್ಟಿನಲ್ಲಿ ಸೀಸೆ ಮುಳುಗಿಸಿ, ನೀರೊಳಗೇ ಮುಚ್ಚಳ ಬಿಗಿದು, ಹೊರತೆಗೆದು ತಲೆಕೆಳಗು ಮಾಡಿ ನೋಡುವುದು. ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಬೇಕು. ನೀರಿನಲ್ಲಿ ಕರಗಿದ ಅನಿಲ ಆ ಗುಳ್ಳೆಗೆ ನುಸುಳಿಬಿಟ್ಟರೆ ಪರೀಕ್ಷೆಯೇ ಸುಳ್ಳಾಗುತ್ತದೆ.

ಸುತ್ತಲಿನವರಿಗೆ ಆಕೆ ‘ಬಾಟ್ಲಿ ಅಕ್ಕ’. "ಮನೇಲಿ ನಮ್ಮ ಯಜಮಾನ್ರೂ ಹಾಗೇ ಕರೀತಾರೆ. ನೆಂಟರ ಎದುರಿಗೆ ಕರೆದ್ರೆ ಮಾತ್ರ ಜಗಳ," ಎಂದು, ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನಗೆ ಹೇಳುತ್ತಾರೆ. ಕೈಗೆ ಕ್ರೀಮು, ಬಟ್ಟೆಗೆ ಅತ್ತರು ಯಾವುದೂ ಕೂಡದು; ವಾಸನೆ ಸೀಸೆಗೆ ಸೇರುತ್ತದೆ. ಬೆರಳ ಸಂದಿಗಳೆಲ್ಲ ಬಿರುಕುಬಿಟ್ಟಿವೆ.

ಬಯಲಿನಡಿಯ ಪದರಗಲ್ಲಿನಲ್ಲಿ ಶೇಲ್ ಗ್ಯಾಸ್ ಇದೆಯಂತೆ. ತೆಗೆಯಲು ಹೊರದೇಶದ ಕಂಪನಿಯೊಂದು ಕಾದು ಕೂತಿದೆ. ಗ್ಯಾಸ್ ಬಿಡಿಸಲು ಕಲ್ಲು ಸೀಳುವ ಮುನ್ನ ಸುತ್ತಲಿನ ಬಾವಿಗಳ ನೀರನ್ನು ಇಡೀ ಒಂದು ವರ್ಷ, ಋತುವಿಗೊಮ್ಮೆ ಪರೀಕ್ಷಿಸಿರಬೇಕೆಂಬುದು ನಿಯಮ. ಒಂದು ಬಾವಿ ತಪ್ಪಿದರೂ ಮತ್ತೆ ಮೊದಲಿನಿಂದ. ಮೊದಲ ಸಲ ವರ್ಷ ಮುಗಿಯುವ ಹೊತ್ತಿಗೆ, ಮನೆಗಳಿಂದ ಕೊರೆಯುವ ಜಾಗ ಇನ್ನಷ್ಟು ದೂರವಿರಬೇಕೆಂದು ಹೊಸ ನಿಯಮ ಬಂತು. ಜಾಗ ಸರಿಯಿತು, ಬಾವಿಗಳೂ ಬದಲಾದವು. ಎರಡನೇ ಸಲ ಸರ್ಕಾರವೇ ಬದಲಾಗಿ ಎಲ್ಲಕ್ಕೂ ತಡೆ ಬಿತ್ತು. ಆಗಿದ್ದ ಕಂಪನಿ ಗಂಟುಮೂಟೆ ಕಟ್ಟಿತು. ಈಗ ಬಂದು ಆಕೆಯನ್ನು ಈ ಕೆಲಸಕ್ಕೆ ಇಟ್ಟುಕೊಂಡಿರುವುದು ಇನ್ನೊಂದು.

"ಹುಡುಗನ್ನೂ ಬದಲಾಯಿಸ್ತಾರೆ, ಮದುವೆ ದಿನಾನೂ ಬದಲಾಯಿಸ್ತಾರೆ. ಅಡುಗೆ ಮಾತ್ರ ಪ್ರತಿ ಸಲ ನಾನೇ ಮಾಡ್ಬೇಕು!" ಎಂದು ಆಕೆ ನಗುತ್ತಾರೆ.

ಇದು ಮೂರನೇ ಸಲದ ಕೊನೆಯ ಋತು, ಕೊನೆಯ ಬಾವಿ. ನೀರು ಕಳಿಸಲು ಇವತ್ತೇ ಗಡುವು. ಪೆಟ್ಟಿಗೆಯಲ್ಲಿ ಒಂದು ಸೀಸೆ ಮಾತ್ರ ಖಾಲಿಯಿದೆ. ಅದನ್ನು ಎತ್ತಿಕೊಂಡವರು ನಲ್ಲಿಯತ್ತ ಬಗ್ಗಿ ಮೂಸುತ್ತಾರೆ. ಮತ್ತೊಮ್ಮೆ ಮೂಸುತ್ತಾರೆ.

"ಅಜ್ಜಾ, ಬಾವಿಗೆ ಏನಾದ್ರೂ ಹಾಕಿದ್ರಾ?"

"ಹೂಂ ಮತ್ತೆ!" ಚಾಲಕರ ಮುಖ ಅರಳುತ್ತದೆ. "ಕೊನೇ ಪರೀಕ್ಷೆ ಅಂದಿದ್ಯಲ್ಲಮ್ಮ. ನಿನ್ನೆ ಒಂದು ಡಬ್ಬ ಬ್ಲೀಚಿಂಗ್ ಪೌಡರ್ ಸುರಿದೆ. ನಮ್ಮ ಬಾವಿ ಫೇಲಾಗ್ಬಾರ್ದು ನೋಡು."

ಆಕೆ ನಲ್ಲಿ ನಿಲ್ಲಿಸುತ್ತಾರೆ. ಪೌಡರ್ ಬೆರೆತ ನೀರು ಲೆಕ್ಕಕ್ಕಿಲ್ಲ. ಬಾವಿ ತಿಳಿಯಾಗುವ ತನಕ ಗಡುವು ಕಾಯುವುದಿಲ್ಲ.

"ಅಯ್ಯೋ ನನ್ನ ಕರ್ಮವೇ," ಎಂದು ಆಕೆ ಕಂಪನಿಯ ಅಧಿಕಾರಿಗೆ ಫೋನ್ ಮಾಡುತ್ತಾರೆ. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿದೆ.

"ಪಕ್ಕದ ಮನೇದೇ ಇನ್ನೊಂದು ಸೀಸೆ ತುಂಬಿಸಮ್ಮ! ಯಾರು ನೋಡ್ತಾರೆ? ಇನ್ನೊಂದು ವರ್ಷ ಅಂದ್ರೆ ನಮ್ಮ ಮೇಲಿನವರು ಎದ್ದೇ ಹೋಗ್ತಾರೆ. ನಿನ್ನ ಕೆಲಸಾನೂ ಅವರ ಜೊತೇಲೇ ಹೋಗುತ್ತೆ."

"ಸಾರ್, ನಾಳೆ ಈ ಅಜ್ಜನ ನಲ್ಲೀಲಿ ಗ್ಯಾಸ್ ಬಂದ್ರೆ ಏನಂತೀರಿ? ಮೊದ್ಲೇ ಇತ್ತು ಅಂತೀರೋ, ಇರ್ಲಿಲ್ಲ ಅಂತೀರೋ? ಪಕ್ಕದ ಮನೆ ನೀರು ತೋರಿಸ್ತೀರಾ?"

ಅಧಿಕಾರಿ ಫೋನ್ ಕತ್ತರಿಸುತ್ತಾರೆ.

ಬಾವಿಯವರಿಗೆ ಕಂಪನಿಯ ಗೂಢಚಾರಿಣಿ, ಕಂಪನಿಗೆ ಬಾವಿಯವರ ಪಕ್ಷ: ಇಷ್ಟು ವರ್ಷ ಎರಡೂ ಕಡೆಯಿಂದ ಬೈಸಿಕೊಂಡಿದ್ದಾರೆ. ಒಬ್ಬರು ನಾಯಿಯನ್ನೇ ಛೂ ಬಿಟ್ಟಿದ್ದರು. ಆಗಲೂ ಇಷ್ಟು ಸುಸ್ತಾಗಿರಲಿಲ್ಲವಂತೆ.

"ಒಳ್ಳೇದಕ್ಕೇ ಮಾಡಿದ್ನಲ್ಲಮ್ಮ," ಚಾಲಕರ ದನಿ ಕುಗ್ಗಿದೆ.

"ಗೊತ್ತು ಅಜ್ಜ. ನಿಯಮ ಮಾಡೋರೂ ಒಳ್ಳೇದಕ್ಕೇ ಮಾಡ್ತಾರೆ, ಬದಲಾಯಿಸೋರೂ ಒಳ್ಳೇದಕ್ಕೇ ಬದಲಾಯಿಸ್ತಾರೆ. ನಂಗೆ ಈ ಒಳ್ಳೇದೇ ಸಾಕಾಗಿಹೋಗಿದೆ."

ಖಾಲಿ ಸೀಸೆಯನ್ನು ಒರೆಸಿ, ತುಂಬಿದ ಸೀಸೆಗಳ ನಡುವೆ ಅದರದೇ ಜಾಗದಲ್ಲಿಟ್ಟು ಪೆಟ್ಟಿಗೆ ಮುಚ್ಚುತ್ತಾರೆ. ಮುಂದೇನು ಎಂದು ಕೇಳುತ್ತೇನೆ. ಆಕೆ ಪೆಟ್ಟಿಗೆ ಎತ್ತಿಕೊಂಡು ಗೇಟಿನ ತನಕ ನಡೆಯುತ್ತಾರೆ. ಅಲ್ಲಿ ನಿಂತು, ನನಗಲ್ಲ, ಚಾಲಕರಿಗೆ ಹೇಳುತ್ತಾರೆ:

"ಕಂಪನಿ ಇದ್ರೆ ಮತ್ತೆ ಬರ್ತೀನಿ ಅಜ್ಜ. ನಾನು ಬರ್ತೀನಿ ಅಂತ ಏನೂ ತೊಳೀಬೇಡಿ. ಬಾವಿ ಇದ್ದ ಹಾಗೇ ಇರ್ಲಿ. ನಂಗೆ ಅಷ್ಟು ಸಾಕು."